ಇಪ್ಪತ್ತಾರರಿಂದ ಭಾಗಿಸಿದ ಸಾಲ: ಆಸ್ಟ್ರೇಲಿಯಾದ ರೋಬೋಡೆಟ್ ಪ್ರಕರಣ

ಮೊದಲು ಒಂದು ಸಣ್ಣ ಲೆಕ್ಕ. ಒಬ್ಬ ಹುಡುಗಿ ವರ್ಷದ ಮೊದಲ ಆರು ತಿಂಗಳು ಕೆಲಸ ಮಾಡಿದಳು ಅಂದುಕೊಳ್ಳಿ. ಎರಡು ವಾರಕ್ಕೊಮ್ಮೆ 2,000 ಡಾಲರ್ ಸಂಬಳ. ಹದಿಮೂರು ಸಲ ಬಂತು, ಒಟ್ಟು 26,000. ಆಮೇಲೆ ಕೆಲಸ ಹೋಯಿತು. ಉಳಿದ ಆರು ತಿಂಗಳು ಸರ್ಕಾರದ ಭತ್ಯೆಯಲ್ಲಿ ದಿನ ತಳ್ಳಿದಳು. ಎರಡು ವಾರಕ್ಕೊಮ್ಮೆ ‘ಈ ಸಲ ನನ್ನ ಆದಾಯ ಸೊನ್ನೆ’ ಎಂದು ಕಚೇರಿಗೆ ತಿಳಿಸುತ್ತಲೇ ಇದ್ದಳು. ಅದು ನಿಜವೂ ಹೌದು.

ಈಗ ಅದೇ 26,000 ಡಾಲರನ್ನು ವರ್ಷದ 26 ಕಂತುಗಳಿಗೆ ಸಮವಾಗಿ ಹಂಚಿ ನೋಡಿ. ಕಂತಿಗೆ 1,000 ಬರುತ್ತದೆ. ಅಂದರೆ ಕಾಗದದ ಮೇಲೆ, ಕೆಲಸವೇ ಇಲ್ಲದ ದಿನಗಳಲ್ಲೂ ಅವಳು ದುಡಿಯುತ್ತಿದ್ದಳು. ದುಡಿಯುತ್ತಲೇ ಸೊನ್ನೆ ಅಂತ ಸುಳ್ಳು ಹೇಳಿ ಭತ್ಯೆ ತಿಂದಳು. ಹಾಗಾಗಿ ಅದನ್ನು ವಾಪಸ್ ಕಟ್ಟಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಹಾಗೆ. ದುಡಿದ ತಿಂಗಳುಗಳ ಗಳಿಕೆಗೆ ದುಡಿಯದ ತಿಂಗಳುಗಳ ಮೇಲೆ ಬರೆ.

ಆಸ್ಟ್ರೇಲಿಯಾ ಸರ್ಕಾರ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ತಲೆಗೆ ಕಟ್ಟಿದ ಸಾಲದ ಹಿಂದಿದ್ದ ತಂತ್ರಜ್ಞಾನ ಇಷ್ಟೇ, ಒಂದು ಭಾಗಾಕಾರ. ಜನ ಅದಕ್ಕೆ ‘ರೋಬೋಡೆಟ್’, ಅಂದರೆ ರೋಬೋಟ್ ಹೊರಿಸಿದ ಸಾಲ, ಎಂದು ಹೆಸರಿಟ್ಟರು. ಹೆಸರು ಕೇಳಿದರೆ ಯಾವುದೋ ದೊಡ್ಡ ಯಂತ್ರಬುದ್ಧಿ ಕೆಲಸ ಮಾಡುತ್ತಿತ್ತು ಅನಿಸುತ್ತದೆ. ಹಾಗೇನೂ ಇರಲಿಲ್ಲ. ಶಾಲೆಯ ಮಗು ಮಾಡುವ ಲೆಕ್ಕವನ್ನು ಕಂಪ್ಯೂಟರ್ ಬಹಳ ಬೇಗ, ಬಹಳ ಜನರ ಮೇಲೆ ಮಾಡಿತು.

ಮನುಷ್ಯನನ್ನು ತೆಗೆದ ಜಾಗ

ಆಸ್ಟ್ರೇಲಿಯಾದಲ್ಲಿ ನಿರುದ್ಯೋಗಿಗಳಿಗೆ, ಓದುವವರಿಗೆ, ಅಂಗವಿಕಲರಿಗೆ, ಒಂಟಿ ಪೋಷಕರಿಗೆ ಹಣ ತಲುಪಿಸುವ ಸಂಸ್ಥೆ ಸೆಂಟರ್‌ಲಿಂಕ್. ಭತ್ಯೆ ಪಡೆಯುವವರು ಎರಡು ವಾರಕ್ಕೊಮ್ಮೆ ತಮ್ಮ ಗಳಿಕೆಯನ್ನು ಹೇಳಬೇಕು. ಗಳಿಕೆ ಹೆಚ್ಚಾದಂತೆ ಭತ್ಯೆ ಇಳಿಯುತ್ತದೆ. ಇನ್ನೊಂದು ಕಡೆ ತೆರಿಗೆ ಕಚೇರಿಯಲ್ಲಿ ಅದೇ ಜನರ ಇಡೀ ವರ್ಷದ ಆದಾಯದ ಮಾಹಿತಿ ಇರುತ್ತದೆ. ಎರಡನ್ನೂ ತಾಳೆ ನೋಡುವ ಪದ್ಧತಿ 1990ರ ದಶಕದಿಂದಲೇ ಇತ್ತು. ಅದರಲ್ಲಿ ತಪ್ಪೇನಿಲ್ಲ. ಎರಡು ಪುಸ್ತಕದ ಲೆಕ್ಕ ಹೊಂದದಿದ್ದರೆ ಯಾರಾದರೂ ಕೇಳಲೇಬೇಕು ಅಲ್ವಾ?

ಆದರೆ ಆಗ ಕೇಳುತ್ತಿದ್ದವರು ಮನುಷ್ಯರು. ಲೆಕ್ಕ ಹೊಂದದಿದ್ದರೆ ಒಬ್ಬ ಅಧಿಕಾರಿ ಕಡತ ತೆಗೆಯುತ್ತಿದ್ದರು. ಅಗತ್ಯ ಬಿದ್ದರೆ ಕೆಲಸ ಕೊಟ್ಟವರನ್ನೇ ಸಂಪರ್ಕಿಸಿ, ಯಾವ ವಾರ ಎಷ್ಟು ಸಂಬಳ ಕೊಟ್ಟಿರಿ ಎಂದು ವಿಚಾರಿಸುತ್ತಿದ್ದರು. ವರ್ಷಕ್ಕೆ ಸುಮಾರು 20,000 ಕಡತ ಮಾತ್ರ ನೋಡಲು ಆಗುತ್ತಿತ್ತು. ಸರ್ಕಾರದ ಕಣ್ಣಿಗೆ ಇದೇ ಸಮಸ್ಯೆಯಾಗಿ ಕಂಡಿತು. 2015ರ ಬಜೆಟ್‌ನಲ್ಲಿ ಹೊಸ ಯೋಜನೆ ಬಂತು. ಆ ವರ್ಷ ಸಣ್ಣದಾಗಿ ಪ್ರಯೋಗ ನಡೆಯಿತು. 2016ರ ದ್ವಿತೀಯಾರ್ಧದಿಂದ ಪೂರ್ತಿ ಓಡತೊಡಗಿತು. ಮೊದಲು ವರ್ಷಕ್ಕೆ 20,000 ಇದ್ದ ಸಂಖ್ಯೆ ಈಗ ವಾರಕ್ಕೆ 20,000 ಆಯಿತು.

ಈ ವೇಗ ಬಂದಿದ್ದು ಹೊಸ ಕಂಪ್ಯೂಟರಿನಿಂದ ಅಲ್ಲ. ಅಧಿಕಾರಿ ಮಾಡುತ್ತಿದ್ದ ವಿಚಾರಣೆಯ ಕೆಲಸವನ್ನು ಕಾಗದ ಪಡೆದವನ ಹೆಗಲಿಗೆ ದಾಟಿಸಿದ್ದರಿಂದ. ‘ನಮ್ಮ ಮಾಹಿತಿಗೂ ನಿಮ್ಮದಕ್ಕೂ ವ್ಯತ್ಯಾಸ ಇದೆ. ಆನ್‌ಲೈನ್‌ಗೆ ಹೋಗಿ ಖಚಿತಪಡಿಸಿ’ ಎಂಬ ಅರ್ಥದ ಕಾಗದ ಬರುತ್ತಿತ್ತು. ಉತ್ತರ ಕೊಡದಿದ್ದರೆ ಭಾಗಾಕಾರ ತಾನೇ ನಡೆದು ಸಾಲ ಹುಟ್ಟುತ್ತಿತ್ತು. ಐದಾರು ವರ್ಷ ಹಿಂದಿನ ಪೇಸ್ಲಿಪ್ ಹುಡುಕಿ ತಂದು, ನಾನು ಸಾಲಗಾರ ಅಲ್ಲ ಎಂದು ತೋರಿಸಬೇಕಾದವರು ಕಾಗದ ಪಡೆದವರೇ. ಸಾಲ ಇದೆ ಎಂದು ತೋರಿಸುವ ಹೊಣೆ ಸರ್ಕಾರದ ಮೇಲೆ ಉಳಿಯಲೇ ಇಲ್ಲ.

ಒಮ್ಮೆ ನಾವೇ ಆ ಜಾಗದಲ್ಲಿ ನಿಂತು ನೋಡೋಣ. ಐದು ವರ್ಷದ ಹಿಂದೆ ಹೋಟೆಲಿನಲ್ಲೋ ಅಂಗಡಿಯಲ್ಲೋ ಅರೆಕಾಲಿಕ ಕೆಲಸ. ಆ ಅಂಗಡಿ ಈಗ ಮುಚ್ಚಿರಬಹುದು. ಮಾಲೀಕ ಫೋನ್ ಎತ್ತದಿರಬಹುದು. ಪೇಸ್ಲಿಪ್ ಯಾರು ಇಟ್ಟುಕೊಂಡಿರುತ್ತಾರೆ? ಶುರುವಿನ ಕಾಗದಗಳಲ್ಲಿ ಈ ವಿಷಯಕ್ಕೆಂದೇ ಇದ್ದ ಸಹಾಯವಾಣಿಯ ನಂಬರ್ ಕೂಡ ಇರಲಿಲ್ಲ. ಸಾಮಾನ್ಯ ನಂಬರಿಗೆ ಕರೆ ಮಾಡಿದರೆ ಬರೀ ಎಂಗೇಜ್. 2016-17ರಲ್ಲಿ ಸೆಂಟರ್‌ಲಿಂಕ್‌ಗೆ ಹೀಗೆ ಸಿಗದೆ ಹೋದ ಕರೆಗಳು ಕೋಟಿಗಟ್ಟಲೆ. ಎಷ್ಟೋ ಕಾಗದಗಳು ಹಳೇ ವಿಳಾಸಕ್ಕೆ ಹೋದವು. ಕಾಗದ ಕೈಗೇ ಸಿಗದವನು ಉತ್ತರ ಎಲ್ಲಿಂದ ಕೊಡಬೇಕು? ಅವನ ಮೌನವೂ ಒಪ್ಪಿಗೆಯ ಲೆಕ್ಕಕ್ಕೆ ಸೇರಿತು. ಅದರ ಮೇಲೆ ಶೇ 10ರಷ್ಟು ವಸೂಲಿ ಶುಲ್ಕ. ಆಮೇಲೆ ಖಾಸಗಿ ವಸೂಲಿ ಏಜೆಂಟರು. ಅದಕ್ಕೂ ಬಗ್ಗದಿದ್ದರೆ ತೆರಿಗೆ ರೀಫಂಡ್‌ಗೇ ಕೈ.

ಬಡತನದಲ್ಲಿರುವವರ ಆದಾಯ ಏರಿಳಿಯುವುದೇ ಹೆಚ್ಚು. ಒಂದು ವಾರ ಕೆಲಸ, ಇನ್ನೊಂದು ವಾರ ಇಲ್ಲ. ತಿಂಗಳು ತಿಂಗಳು ಒಂದೇ ಸಂಬಳ ಬರುವವರಿಗೆ ಈ ಭಾಗಾಕಾರ ಸರಿಹೋಗುತ್ತದೆ. ಆದರೆ ಅಂಥವರು ಸೆಂಟರ್‌ಲಿಂಕ್ ಬಾಗಿಲಿಗೆ ಬರುವುದೇ ಅಪರೂಪ. ಯಾರಿಗೆ ಈ ಲೆಕ್ಕ ತಪ್ಪುತ್ತದೋ ಅವರ ಮೇಲೇ ಅದನ್ನು ಪ್ರಯೋಗಿಸಿದರು.

ಇದು ಜನಕ್ಕೆ ಇಷ್ಟ ಆಗಿದ್ದು ಯಾಕೆ

ರಾಜಕೀಯದ ಮಾತಿಗೆ ಬರೋಣ. ಇದನ್ನು ಬರೀ ಕೆಟ್ಟ ಮಂತ್ರಿಗಳ ಕಥೆ ಮಾಡಿಬಿಟ್ಟರೆ ಸುಲಭ. ಆದರೆ ‘ಸರ್ಕಾರದ ದುಡ್ಡು ಸುಳ್ಳು ಹೇಳಿ ತಿನ್ನೋರನ್ನ ಹಿಡೀಲಿ ಬಿಡಿ’ ಎಂಬ ಮಾತು ಯಾವ ಊರಲ್ಲಿ ಕೇಳಿದರೂ ತಲೆಯಾಡಿಸುವವರು ಸಿಗುತ್ತಾರೆ. ಪ್ರಾಮಾಣಿಕವಾಗಿ ಹೇಳುತ್ತೇನೆ, 2015ರಲ್ಲಿ ಆ ಬಜೆಟ್ ಸುದ್ದಿಯನ್ನು ನಾನು ಓದಿದ್ದರೆ ನಾನೂ ತಲೆಯಾಡಿಸುತ್ತಿದ್ದೆ. ಸೋರಿಕೆ ತಡೆಯೋದು ಒಳ್ಳೇದೇ ಅಲ್ವಾ ಅಂತ.

ಆಗ ಸಾಮಾಜಿಕ ಸೇವೆಗಳ ಮಂತ್ರಿಯಾಗಿದ್ದವರು ಸ್ಕಾಟ್ ಮಾರಿಸನ್. ಭತ್ಯೆ ವ್ಯವಸ್ಥೆಗೆ ಒಬ್ಬ ಗಟ್ಟಿ ಪೊಲೀಸ್ ಬೇಕು ಎಂಬ ಧಾಟಿಯಲ್ಲಿ ಮಾತಾಡಿದವರು. ಮುಂದೆ ಪ್ರಧಾನಿಯೂ ಆದರು. 2016ರ ಡಿಸೆಂಬರ್‌ನಲ್ಲಿ ಮಾನವ ಸೇವೆಗಳ ಮಂತ್ರಿ ಅಲನ್ ಟಜ್ ಟಿವಿಯಲ್ಲಿ ಕೂತು, ನಿಮ್ಮನ್ನು ಹುಡುಕುತ್ತೇವೆ, ಸಾಲ ತೀರಿಸಲೇಬೇಕು, ಜೈಲಿಗೂ ಹೋಗಬೇಕಾಗಬಹುದು ಎಂದು ಎಚ್ಚರಿಸಿದರು. ಕಾಗದ ಕೈಯಲ್ಲಿ ಹಿಡಿದು ಕೂತಿದ್ದವರಿಗೆ ಆ ಮಾತು ಹೇಗೆ ಕೇಳಿಸಿರಬೇಕು?

ಇಲಾಖೆಯ ಒಳಗೆ ಯಾರಿಗೂ ಗೊತ್ತಿರಲಿಲ್ಲ ಎಂದೂ ಅಲ್ಲ. 2014ರ ಕೊನೆಯಲ್ಲೇ ಸಾಮಾಜಿಕ ಸೇವೆಗಳ ಇಲಾಖೆಯ ಸ್ವಂತ ವಕೀಲರು, ವರ್ಷದ ಆದಾಯವನ್ನು ಸರಾಸರಿ ಮಾಡಿ ಸಾಲ ಹೊರಿಸುವುದು ಕಾನೂನಿಗೆ ಹೊಂದುವುದಿಲ್ಲ ಎಂದು ಬರೆದುಕೊಟ್ಟಿದ್ದರು. ಕಾನೂನು ಕೇಳುವುದು ಆಯಾ ಎರಡು ವಾರದಲ್ಲಿ ನಿಜವಾಗಿ ಎಷ್ಟು ಗಳಿಸಿದೆ ಎಂಬುದನ್ನು. ಹಾಗಾದರೆ ಕಾನೂನನ್ನೇ ಬದಲಾಯಿಸಬೇಕಿತ್ತು. ಆದರೆ 2015ರಲ್ಲಿ ಸಂಪುಟದ ಮುಂದೆ ಬಂದ ಕಾಗದದಲ್ಲಿ ಆ ಎಚ್ಚರಿಕೆ ಇರಲಿಲ್ಲ. ಎಲ್ಲೋ ದಾರಿಯಲ್ಲಿ ಉದುರಿಹೋಗಿತ್ತು. ಸಂಪುಟ ದಾರಿ ತಪ್ಪಲು ಮಾರಿಸನ್ ಬಿಟ್ಟರು ಎಂದು ಮುಂದೆ ವಿಚಾರಣಾ ಆಯೋಗ ಹೇಳಿತು. ಅವರು ಅದನ್ನು ಒಪ್ಪಲಿಲ್ಲ.

ಸಹಾಯ ಮಾಡಿದವರು, ಮತ್ತು ಅದರಲ್ಲೇ ಇದ್ದ ಸಿಕ್ಕು

ನನ್ನನ್ನು ಈ ಪ್ರಕರಣದಲ್ಲಿ ಜಾಸ್ತಿ ಕಾಡಿದ್ದು ಈ ಭಾಗ.

2016ರ ಕೊನೆ, 2017ರ ಶುರು. ಹಬ್ಬದ ರಜೆಯ ಹೊತ್ತಿಗೆ ಸಾವಿರಾರು ಮನೆಗಳಿಗೆ ಕಾಗದ ಬಂದಿದ್ದವು. ಆಗ ಕೆಲವು ಸ್ವಯಂಸೇವಕರು ಸೇರಿ ‘ನಾಟ್ ಮೈ ಡೆಟ್’, ಅಂದರೆ ‘ಇದು ನನ್ನ ಸಾಲವಲ್ಲ’ ಎಂಬ ಪ್ರಯತ್ನ ಶುರುಮಾಡಿದರು. ಅವರ ಹತ್ತಿರ ಹಣ ಇರಲಿಲ್ಲ, ಅಧಿಕಾರ ಇರಲಿಲ್ಲ. ಜನ ತಮಗಾದದ್ದನ್ನು ಹೆಸರು ಹೇಳದೆ ಬರೆಯಲು ಒಂದು ಜಾಗ ಮಾಡಿದರು. ಈ ಸಾಲವನ್ನು ಪ್ರಶ್ನಿಸುವುದು ಹೇಗೆ, ಯಾವ ದಾಖಲೆ ಕೇಳಬೇಕು ಎಂಬುದನ್ನು ಸರಳವಾಗಿ ಬರೆದಿಟ್ಟರು. ಕಾನೂನು ನೆರವು ಕೇಂದ್ರಗಳಲ್ಲಿ ವಕೀಲರು ಒಬ್ಬೊಬ್ಬರ ಕಡತ ಬಿಡಿಸಿ ಕೂತರು.

ಇದರ ಮೊದಲ ಲಾಭ ಹಣಕ್ಕೆ ಸಂಬಂಧಿಸಿದ್ದಲ್ಲ. ಕಾಗದ ಬಂದವನು ಮೊದಲು ಅಂದುಕೊಳ್ಳುವುದು ‘ನಾನೇ ಏನೋ ತಪ್ಪು ಮಾಡಿರಬೇಕು’ ಅಂತ. ಸರ್ಕಾರದ ಕಂಪ್ಯೂಟರ್ ತಪ್ಪು ಹೇಳುತ್ತದೆಯೇ? ನಾಚಿಕೆಯಿಂದ ಮನೆಯವರಿಗೂ ಹೇಳದೆ ಕಂತು ಕಟ್ಟಲು ಶುರುಮಾಡಿದವರಿದ್ದರು. ನಿನ್ನಂಥವರು ಇನ್ನೂ ಸಾವಿರಾರು ಜನ ಇದ್ದಾರೆ ಎಂದು ಗೊತ್ತಾಗುವುದೇ ಅವರಿಗೆ ಆಗ ಬೇಕಾಗಿದ್ದ ಸಹಾಯ.

ಇಲಾಖೆಯ ಒಳಗೂ ಕೆಲವರು ಸುಮ್ಮನಿರಲಿಲ್ಲ. ವರ್ಷಗಟ್ಟಲೆ ಇದೇ ಲೆಕ್ಕ ನೋಡಿದ್ದ ಒಬ್ಬ ಮಹಿಳಾ ಅಧಿಕಾರಿ 2017ರಲ್ಲಿ ಇಲಾಖೆಯ ಅತಿ ದೊಡ್ಡ ಅಧಿಕಾರಿಗೇ ಇಮೇಲ್ ಬರೆದರು. ಎಲ್ಲಿ ತಪ್ಪುತ್ತಿದೆ ಎಂದು ಬಿಡಿಸಿ ಬಿಡಿಸಿ ತಿಳಿಸಿದರು. ಏನೂ ಬದಲಾಗಲಿಲ್ಲ. ಅವರು ನಿವೃತ್ತಿ ತೆಗೆದುಕೊಂಡು ಹೋದರು.

ಈಗ ಸಿಕ್ಕಿನ ವಿಷಯ. ಯಾರು ಪೇಸ್ಲಿಪ್ ತಂದು ಜಗಳ ಆಡಿದರೋ ಅವರ ಸಾಲ ಇಳಿಯುತ್ತಿತ್ತು, ಕೆಲವೊಮ್ಮೆ ಸೊನ್ನೆ ಆಗುತ್ತಿತ್ತು. ಕಾಗದ ಬಂದವರಲ್ಲಿ ಐದಕ್ಕೆ ಒಬ್ಬರು ವಿವರಣೆ ಕೊಟ್ಟ ಮೇಲೆ ಏನೂ ಕಟ್ಟಬೇಕಾಗಿರಲಿಲ್ಲ ಎಂದು ಸರ್ಕಾರವೇ ಒಪ್ಪಿಕೊಂಡಿತು. ಒಪ್ಪಿಕೊಂಡು, ನೋಡಿ, ವ್ಯವಸ್ಥೆ ಸರಿಯಾಗಿಯೇ ಕೆಲಸ ಮಾಡುತ್ತಿದೆ ಎಂದೂ ಅಂದಿತು! ಅಂದರೆ ಒಬ್ಬೊಬ್ಬರನ್ನೇ ಪಾರುಮಾಡಿದ ಪ್ರತಿ ಗೆಲುವೂ ಯಂತ್ರಕ್ಕೇ ಒಂದು ಸಮರ್ಥನೆ ಆಗುತ್ತಿತ್ತು. ದೂರು ಹೇಳಿದವರು ಹೊರಗೆ ಹೋದರು. ಹೇಳದವರು ಕಟ್ಟುತ್ತಲೇ ಇದ್ದರು.

ನ್ಯಾಯಮಂಡಳಿಯಲ್ಲೂ ಇದೇ ಆಟ. ಸುಮಾರು ನಲವತ್ತು ವರ್ಷ ಇಂಥ ಮೇಲ್ಮನವಿಗಳನ್ನು ಕೇಳಿದ್ದ ಟೆರಿ ಕಾರ್ನಿ ಎಂಬ ಕಾನೂನು ಪ್ರಾಧ್ಯಾಪಕರು ಅಲ್ಲಿ ಸದಸ್ಯರಾಗಿದ್ದರು. 2017ರ ಮಾರ್ಚ್‌ನಿಂದ ಒಂದರ ಹಿಂದೆ ಒಂದು ಪ್ರಕರಣದಲ್ಲಿ, ಬರೀ ಸರಾಸರಿಯಿಂದ ಸಾಲ ಸಾಬೀತಾಗುವುದಿಲ್ಲ ಎಂದು ತೀರ್ಪು ಕೊಟ್ಟರು. ಸರ್ಕಾರಕ್ಕೆ ಒಪ್ಪಿಗೆ ಇಲ್ಲದಿದ್ದರೆ ಮೇಲಿನ ಹಂತಕ್ಕೆ ಹೋಗಬಹುದಿತ್ತು. ಹೋಗಲಿಲ್ಲ. ಆ ಕೆಳ ಹಂತದ ತೀರ್ಪುಗಳು ಪ್ರಕಟವಾಗುವುದಿಲ್ಲ. ಮೇಲಕ್ಕೆ ಹೋಗಿದ್ದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಆ ಕೆಲವರ ಸಾಲ ಬಿಟ್ಟುಕೊಟ್ಟು, ಉಳಿದವರಿಗೆ ಅದೇ ಕಾಗದ ಕಳಿಸುವುದನ್ನು ಮುಂದುವರಿಸಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕಾರ್ನಿ ಅವರ ಅವಧಿ ಮುಗಿಯಿತು. ಮತ್ತೆ ನೇಮಿಸಲಿಲ್ಲ.

2017ರ ಏಪ್ರಿಲ್‌ನಲ್ಲಿ ಒಂಬುಡ್ಸ್‌ಮನ್, ಅಂದರೆ ಸರ್ಕಾರಿ ಕಚೇರಿಗಳ ಮೇಲಿನ ದೂರು ವಿಚಾರಿಸುವ ಸ್ವತಂತ್ರ ಅಧಿಕಾರಿಯ ವರದಿ ಬಂತು. ಕಾಗದದ ಭಾಷೆ ಸುಧಾರಿಸಿ, ಫೋನ್ ನಂಬರ್ ಕೊಡಿ ಎಂಬಂಥ ಸಲಹೆಗಳಿದ್ದವು. ಮೂಲ ಪ್ರಶ್ನೆ, ಅಂದರೆ ಇದು ಕಾನೂನುಬದ್ಧವೇ ಎಂಬುದು ಹಾಗೇ ಉಳಿಯಿತು. ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸಮಿತಿ ಇದನ್ನು ನಿಲ್ಲಿಸಿ ಎಂದಿತು. ಯಾರೂ ಕೇಳಲಿಲ್ಲ.

ನೂರು ಡಾಲರಿಗೂ ಕಡಿಮೆ ಬಡ್ಡಿ

ವಿಕ್ಟೋರಿಯಾ ರಾಜ್ಯದ ಕಾನೂನು ನೆರವು ಸಂಸ್ಥೆಯ ವಕೀಲರಿಗೆ ಈ ಆಟ ಅರ್ಥವಾಗಿತ್ತು. 2019ರ ಫೆಬ್ರವರಿಯಲ್ಲಿ ಅವರು ಒಬ್ಬ ನರ್ಸ್ ಪರವಾಗಿ ಫೆಡರಲ್ ಕೋರ್ಟಿಗೆ ಹೋದರು. ಪ್ರಕರಣ ನಡೆಯುತ್ತಿರುವಾಗಲೇ ಸರ್ಕಾರ ಆಕೆಯ ಸಾಲವನ್ನು ಅಳಿಸಿಬಿಟ್ಟಿತು. ಸಾಲವೇ ಇಲ್ಲ ಅಂದಮೇಲೆ ಕೋರ್ಟು ಏನನ್ನು ತೀರ್ಮಾನಿಸಬೇಕು? ಹಳೇ ಉಪಾಯ, ಈ ಸಲವೂ ಫಲಿಸಿತು.

ಆಮೇಲೆ ಇನ್ನೊಬ್ಬ ಮಹಿಳೆ ಬಂದರು. ಅವರು 2012ರಲ್ಲಿ ಓದುವಾಗ ಭತ್ಯೆ ಪಡೆದಿದ್ದರು. ಕಾಗದಗಳು ಹಳೇ ವಿಳಾಸಕ್ಕೆ ಹೋಗಿದ್ದರಿಂದ ಅವರಿಗೆ ವಿಷಯವೇ ಗೊತ್ತಿರಲಿಲ್ಲ. ಗೊತ್ತಾಗಿದ್ದು ತೆರಿಗೆ ರೀಫಂಡ್ ಬರಬೇಕಾದಾಗ. ಸುಮಾರು 1,700 ಡಾಲರ್ ಪೂರ್ತಿ ಹೋಗಿತ್ತು. ಕೇಸು ಹಾಕಿದ ಮೇಲೆ ಇಲಾಖೆ ಕೆಲಸ ಕೊಟ್ಟವರಿಂದ ನಿಜವಾದ ಸಂಬಳದ ಲೆಕ್ಕ ತರಿಸಿತು. ನೋಡಿ, ಬೇಕೆಂದಾಗ ತರಿಸಲು ಬರುತ್ತಿತ್ತು! ಹೊರಿಸಿದ್ದ ಸಾಲಕ್ಕೆ ಆಧಾರ ಉಳಿಯಲಿಲ್ಲ. ಹಣ ವಾಪಸ್ ಬಂತು. ಕೇಸು ಮುಗಿಯಬೇಕಿತ್ತು.

ಆದರೆ ವಕೀಲರು ಇನ್ನೊಂದನ್ನೂ ಕೇಳಿದ್ದರು. ನಮ್ಮ ಹಣವನ್ನು ಇಷ್ಟು ದಿನ ನೀವು ಇಟ್ಟುಕೊಂಡಿದ್ದಿರಲ್ಲ, ಅದಕ್ಕೆ ಬಡ್ಡಿ ಕೊಡಿ. ಬಡ್ಡಿ ಎಷ್ಟು? ನೂರು ಡಾಲರಿಗೂ ಕಡಿಮೆ. ಬಡ್ಡಿ ಕೊಡಬೇಕೋ ಬೇಡವೋ ಹೇಳಬೇಕಾದರೆ ಆ ಹಣ ಕಿತ್ತುಕೊಂಡಿದ್ದು ಸರಿಯೋ ತಪ್ಪೋ ಹೇಳಲೇಬೇಕು. ಇದರಿಂದ ಮಾತ್ರ ಕೇಸು ಉಳಿಯಿತು. ನಾನು ಎಷ್ಟೋ ದೊಡ್ಡ ಕೇಸುಗಳ ಬಗ್ಗೆ ಓದಿದ್ದೇನೆ. ಇಷ್ಟು ಚಿಕ್ಕ ಗೂಟಕ್ಕೆ ಇಷ್ಟು ದೊಡ್ಡ ಆನೆ ಕಟ್ಟಿದ್ದನ್ನು ನೋಡಿರಲಿಲ್ಲ.

ಅಷ್ಟರಲ್ಲಿ, 2019ರ ಸೆಪ್ಟೆಂಬರ್‌ನಲ್ಲಿ, ಸರ್ಕಾರದ ಸಾಲಿಸಿಟರ್ ಜನರಲ್ ಕೂಡ ಇದು ಕಾನೂನಿನ ಮುಂದೆ ನಿಲ್ಲುವುದಿಲ್ಲ ಎಂದು ಅಭಿಪ್ರಾಯ ಕೊಟ್ಟಿದ್ದರು. ನವೆಂಬರ್ 19ರಂದು ಬರೀ ಸರಾಸರಿ ಆಧರಿಸಿ ಸಾಲ ಹೊರಿಸುವುದನ್ನು ನಿಲ್ಲಿಸಿದರು. ನವೆಂಬರ್ 27ರಂದು ಕೋರ್ಟಿನಲ್ಲಿ ಸರ್ಕಾರ ತಪ್ಪು ಒಪ್ಪಿಕೊಂಡಿತು. 2014ರಲ್ಲಿ ಒಳಗಿನ ವಕೀಲರು ಬರೆದಿದ್ದನ್ನು ಹೊರಗೆ ಹೇಳಲು ಐದು ವರ್ಷ ಬೇಕಾಯಿತು.

ಆಮೇಲೆ

ಮುಂದಿನದು ಬೇಗ ಬೇಗ ನಡೆಯಿತು. 2020ರ ಮೇ ತಿಂಗಳಲ್ಲಿ ಹಣ ಹಿಂತಿರುಗಿಸುವುದಾಗಿ ಸರ್ಕಾರ ಹೇಳಿತು. ಆಗ ಹೇಳಿದ ಮೊತ್ತ 72.1 ಕೋಟಿ ಡಾಲರ್. ಜೂನ್‌ನಲ್ಲಿ ಪ್ರಧಾನಿ ಮಾರಿಸನ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಲಕ್ಷಾಂತರ ಜನರ ಪರವಾಗಿ ಹಾಕಿದ್ದ ಸಾಮೂಹಿಕ ದಾವೆ ನವೆಂಬರ್‌ನಲ್ಲಿ ರಾಜಿಯಾಯಿತು. 2021ರಲ್ಲಿ ಅದಕ್ಕೆ ಒಪ್ಪಿಗೆ ಕೊಡುತ್ತಾ ನ್ಯಾಯಮೂರ್ತಿ ಬರ್ನಾರ್ಡ್ ಮರ್ಫಿ ಇದನ್ನು ನಾಚಿಕೆಗೇಡಿನ ಅಧ್ಯಾಯ ಎಂದರು. ಕಾನೂನುಬಾಹಿರವಾಗಿ ಹೊರಿಸಿದ ಸಾಲ ಒಟ್ಟು ಸುಮಾರು 176 ಕೋಟಿ ಡಾಲರ್. ಅದರಲ್ಲಿ 75 ಕೋಟಿಯಷ್ಟನ್ನು ವಸೂಲಿಯೂ ಮಾಡಿದ್ದರು.

2022ರಲ್ಲಿ ಸರ್ಕಾರ ಬದಲಾಯಿತು. ರಾಯಲ್ ಕಮಿಷನ್, ಅಂದರೆ ಹಿಂದೆ ಹೇಳಿದ ಆ ವಿಚಾರಣಾ ಆಯೋಗ, ಕೂತಿತು. ಕ್ವೀನ್ಸ್‌ಲ್ಯಾಂಡ್‌ನ ಮಾಜಿ ಮುಖ್ಯ ನ್ಯಾಯಮೂರ್ತಿ ಕ್ಯಾಥರೀನ್ ಹೋಮ್ಸ್ ಅದರ ಮುಖ್ಯಸ್ಥೆ. ಮಂತ್ರಿಗಳು, ಕಾರ್ಯದರ್ಶಿಗಳು, ಭತ್ಯೆ ಪಡೆದವರು ಎಲ್ಲರೂ ಒಂದೇ ಕುರ್ಚಿಯಲ್ಲಿ ಕೂತು ಸಾಕ್ಷಿ ಹೇಳಿದರು. ಸಾಲದ ಒತ್ತಡದ ನಡುವೆ ಜೀವ ಕಳೆದುಕೊಂಡ ಇಬ್ಬರು ಯುವಕರ ತಾಯಂದಿರೂ ಬಂದರು. ಇಮೇಲ್ ಬರೆದಿದ್ದ ಆ ಅಧಿಕಾರಿಯೂ ಬಂದರು. ನಾವು ಜನರಿಂದ ಕದಿಯುತ್ತಿದ್ದೇವೆ ಎಂದು ಆಗ ತಮಗೆ ಅನಿಸಿದ್ದನ್ನು ಹೇಳಿದರು.

2023ರ ಜುಲೈ 7ರಂದು ವರದಿ ಬಂತು. 57 ಶಿಫಾರಸು. ಯೋಜನೆ ಒರಟು ಮತ್ತು ಕ್ರೂರ, ನ್ಯಾಯವೂ ಅಲ್ಲ, ಕಾನೂನೂ ಅಲ್ಲ ಎಂದಿತು. ಭತ್ಯೆಯಲ್ಲಿ ನಡೆಯುವ ಮೋಸ ತೀರಾ ಅಲ್ಪ, ಆದರೆ ಮಂತ್ರಿಗಳ ಭಾಷಣ ಕೇಳಿದರೆ ಹಾಗೆ ಅನಿಸುವುದಿಲ್ಲ ಎಂದೂ ಹೇಳಿತು. ನನಗೆ ವರದಿಯಲ್ಲಿ ಮುಖ್ಯ ಅನಿಸುವ ಮಾತು ಇದೇ. ಯಂತ್ರಕ್ಕೆ ನಿಯಮ ಬರೆಯಬಹುದು. ಭಾಷಣಕ್ಕೆ ಯಾರು ಬರೆಯುತ್ತಾರೆ? ‘ಕಳ್ಳರಿದ್ದಾರೆ’ ಎಂಬ ಮಾತಿಗೆ ಚಪ್ಪಾಳೆ ಬೀಳುವ ತನಕ ಇನ್ನೊಬ್ಬರು ಇನ್ನೊಂದು ಭಾಗಾಕಾರ ತರಬಹುದು.

ತಪ್ಪಿತಸ್ಥರಿಗೆ ಏನಾಯಿತು ಎಂಬ ಪ್ರಶ್ನೆಗೆ ಹೊಟ್ಟೆ ತುಂಬುವ ಉತ್ತರ ಸಿಗಲಿಲ್ಲ. ವರದಿಯ ಒಂದು ಅಧ್ಯಾಯವನ್ನು ಮುಚ್ಚಿದ ಲಕೋಟೆಯಲ್ಲಿಟ್ಟರು. ಭ್ರಷ್ಟಾಚಾರ ನಿಗ್ರಹ ಆಯೋಗ 2024ರಲ್ಲಿ ತನಿಖೆ ಮಾಡುವುದಿಲ್ಲ ಎಂದಿತು. ಟೀಕೆ ಜೋರಾದ ಮೇಲೆ, 2025ರಲ್ಲಿ, ಮಾಡುತ್ತೇವೆ ಎಂದಿತು. ಅದೇ ವರ್ಷ ಇನ್ನೂ 47.5 ಕೋಟಿ ಡಾಲರ್ ಪರಿಹಾರಕ್ಕೆ ಸರ್ಕಾರ ಒಪ್ಪಿಕೊಂಡಿತು. ಹಣ ಉಳಿಸಲು ಹೊರಟ ಯೋಜನೆ ಇದು.

ಬಡ್ಡಿಯ ವಿಷಯಕ್ಕೆ ಮತ್ತೆ ಬರುತ್ತೇನೆ. 2020ರಲ್ಲಿ ಹಣ ವಾಪಸ್ ಕೊಟ್ಟಾಗ ಬಡ್ಡಿ ಸೇರಿರಲಿಲ್ಲ. ಸಾಮೂಹಿಕ ದಾವೆಯ ರಾಜಿಯಲ್ಲಿ ಅದಕ್ಕೆ ಬದಲಾಗಿ 11.2 ಕೋಟಿ ಡಾಲರ್ ಸಿಕ್ಕಿತು. ಸುಮಾರು ನಾಲ್ಕು ಲಕ್ಷ ಜನಕ್ಕೆ ಹಂಚಿದರೆ ತಲೆಗೆ 300 ಡಾಲರ್ ಕೂಡ ಆಗುವುದಿಲ್ಲ ಎಂದು ಬರೆದುಕೊಂಡೆ. ಬರೆದ ಮೇಲೆ ನಗು ಬಂತು, ನಾನೂ ಭಾಗಾಕಾರವನ್ನೇ ಮಾಡಿದ್ದೆ. ನಿಜವಾಗಿ ಹಂಚಿದ್ದು ಹಾಗಲ್ಲ. ಯಾರಿಂದ ಎಷ್ಟು ಕಿತ್ತುಕೊಂಡಿದ್ದರು, ಎಷ್ಟು ದಿನ ಇಟ್ಟುಕೊಂಡಿದ್ದರು ಎಂದು ಒಬ್ಬೊಬ್ಬರದ್ದನ್ನೂ ಬೇರೆ ಬೇರೆ ಲೆಕ್ಕ ಹಾಕಿದರು.